ಹಳೆಯ ಮನೆಯ ಹೊಸ ತೊಲೆ

ಬೆಳಿಗ್ಗೆಯಿಂದ ಇದು ಮೂರನೆಯ ಸಲ. ಬಡಗಿ ಮೊಣಕಾಲೂರಿ ಕೂತು ನೆಲದ ಮೇಲಿನ ಹುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆದ. ಎರಡು ಚಿಟಿಕೆಯಷ್ಟೂ ಇರಲಿಲ್ಲ. ಹಿಟ್ಟಿಗಿಂತ ನುಣುಪು; ಬೆರಳುಗಳ ನಡುವೆ ತಿಕ್ಕಿದರೆ ಇತ್ತೋ ಇಲ್ಲವೋ ಎನ್ನುವಂತೆ ಮಾಯವಾಗುತ್ತಿತ್ತು. ಗೋಡೆಯ ಸುಣ್ಣ ಉದುರಿರಬೇಕು ಎಂದು ಮೊದಲ ಸಲ ತನಗೆ ತಾನೇ ಹೇಳಿಕೊಂಡಿದ್ದ. ಎರಡನೆಯ ಸಲ ಮೂಗಿನ ಹತ್ತಿರ ಹಿಡಿದು ಮೂಸಿದ್ದ. ನಲವತ್ತು ವರ್ಷ ಮರದ ಹುಡಿಯನ್ನೇ ಉಸಿರಾಡಿದ ಮೂಗಿಗೆ ಅದು ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ತಲೆಯೆತ್ತಿ ಮೇಲಿನ ತೊಲೆಯನ್ನು ನೋಡುವ ಧೈರ್ಯ ಬರಲಿಲ್ಲ. ನೋಡಿದರೆ ಗೊತ್ತಾಗಿಬಿಡುತ್ತದೆ, ಗೊತ್ತಾದ ಮೇಲೆ ಗೊತ್ತಿಲ್ಲದವನ ಹಾಗೆ ಓಡಾಡುವುದು ಕಷ್ಟ ಎಂದು ಬಟ್ಟೆಯನ್ನು ಹಿಂಡಿ, ಕಿಟಕಿಯ ಆಚೆ ಒಣಹಾಕಿ, ಎಣ್ಣೆಯ ಡಬ್ಬಿ ಹಿಡಿದುಕೊಂಡು ಪಕ್ಕದ ಕೋಣೆಗೆ ಹೋದ.

ಹನ್ನೊಂದಕ್ಕೆ ಮನೆ ನೋಡಲು ಬರುತ್ತಾರೆ, ನೀನು ಒಂಬತ್ತಕ್ಕೇ ಬಂದು ಬಾಗಿಲು ಕಿಟಕಿಗಳಿಗೆಲ್ಲ ಒಮ್ಮೆ ಎಣ್ಣೆ ಹಚ್ಚಿಬಿಡು ಎಂದು ಹಲ್ಲಿನ ಡಾಕ್ಟರು ಹೇಳಿಕಳಿಸಿದ್ದರು. ಹಳ್ಳಿಯ ತುದಿಯಲ್ಲಿ ಅರ್ಧ ಕುಸಿದು ಕೂತಿದ್ದ ಈ ಎರಡಂತಸ್ತಿನ ಕಲ್ಲಿನ ಮನೆಯನ್ನು ಕೊಂಡು, ಆರು ವರ್ಷ ಹಿಡಿದು, ಮೊದಲು ಹೇಗಿತ್ತೋ ಹಾಗೆಯೇ ಎತ್ತಿ ನಿಲ್ಲಿಸಿದವರು ಅವರು. ಅಂದರೆ ನಿಲ್ಲಿಸಿದವನು ಬಡಗಿ, ನಿಂತು ನೋಡಿದವರು ಡಾಕ್ಟರು. ಈಗ ಅವರ ಮೊಣಕಾಲು ಮೆಟ್ಟಿಲು ಹತ್ತಲು ಒಪ್ಪುತ್ತಿಲ್ಲ. ಅವರ ಹೆಂಡತಿಗಂತೂ ಈ ಊರು ಮೊದಲ ದಿನದಿಂದಲೇ ಹಿಡಿಸಿರಲಿಲ್ಲ. ಗೇಟಿಗೆ ‘ಮಾರಾಟಕ್ಕಿದೆ’ ಎಂಬ ಹಲಗೆ ತೂಗುಬಿದ್ದು ಎಂಟು ತಿಂಗಳಾಯಿತು. ಹಲಗೆ ಮಾಡಿದವನೂ ಬಡಗಿಯೇ. ಪತ್ರಿಕೆಯಲ್ಲಿ ಹಾಕಿಸಿದ ಜಾಹೀರಾತನ್ನು ಡಾಕ್ಟರು ಅವನಿಗೆ ಗಟ್ಟಿಯಾಗಿ ಓದಿ ಹೇಳಿದ್ದರು: ‘ಇನ್ನೂರು ವರ್ಷದ ಮನೆ. ಒಂದೊಂದು ಮರವೂ ಮೂಲದ್ದು.’ ಓದಿ ಮುಗಿಸಿ ಕನ್ನಡಕದ ಮೇಲಿಂದ ನೋಡಿ ಕಣ್ಣು ಮಿಟುಕಿಸಿದ್ದರು. ಬಡಗಿಯೂ ನಕ್ಕಿದ್ದ. ನಗದೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಬಾಗಿಲಿನ ಚಿಲಕಕ್ಕೆ ಎಣ್ಣೆ ಬಿಡುತ್ತ ಅನಿಸಿತು.

ಯಾಕೆಂದರೆ ಕೆಳಗಿನ ದೊಡ್ಡ ಕೋಣೆಯ ತೊಲೆ ಮೂಲದ್ದಲ್ಲ. ಮೂಲದ್ದು ಎರಡೂ ತುದಿಯಲ್ಲಿ ಕೊಳೆತು, ಕೈ ಹಾಕಿದರೆ ಒದ್ದೆ ರಟ್ಟಿನ ಹಾಗೆ ಕಿತ್ತು ಬರುತ್ತಿತ್ತು. ಅದನ್ನು ಇಳಿಸಿ ಹೊಸದನ್ನು ಏರಿಸುವುದೆಂದಾಗ ಡಾಕ್ಟರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಪಾಠ ಹೇಳಿದ್ದರು. “ನೋಡು ಮೇಸ್ತ್ರಿ, ಕಟ್ಟಿಸಿದ ಹಲ್ಲು ಬೆಳ್ಳಗೆ ಹೊಳೆದ್ರೆ ಅದು ಕಟ್ಟಿಸಿದ್ದು ಅಂತ ಊರಿಗೆಲ್ಲ ಗೊತ್ತಾಗತ್ತೆ. ಪಕ್ಕದ ಹಲ್ಲು ಎಷ್ಟು ಹಳದಿಯೋ ಇದೂ ಅಷ್ಟೇ ಹಳದಿ ಇರ್ಬೇಕು. ಪಕ್ಕದ್ದು ಹುಳುಕಾಗಿದ್ರೆ ಇದಕ್ಕೂ ಒಂದು ಕಪ್ಪು ಗೆರೆ ಎಳೀಬೇಕು. ನಾನು ಮೂವತ್ತು ವರ್ಷ ಅದನ್ನೇ ಮಾಡಿದೀನಿ.” ಹಾಗಾಗಿ ಬಡಗಿ ಹೊಸ ತೊಲೆಯನ್ನು ಸರಪಳಿಯಿಂದ ಹೊಡೆದ. ಅಂಚುಗಳನ್ನು ಕಲ್ಲಿನಿಂದ ಉಜ್ಜಿ ಸವೆಸಿದ. ಆಮೇಲೆ ಸಣ್ಣ ಬೈರಿಗೆ ಹಿಡಿದು, ಹುಳ ಕೊರೆದ ಹಾಗೆ ತೂತು ಕೊರೆಯಲು ಕೂತ. ಮೊದಲ ದಿನ ನಾಚಿಕೆಯಾಯಿತು. ಮರಕ್ಕೆ ಹುಳ ಬೀಳದ ಹಾಗೆ ನೋಡಿಕೊಳ್ಳುವುದನ್ನೇ ವಿದ್ಯೆ ಎಂದು ಕಲಿತವನು, ಈಗ ಹುಳದ ಕೂಲಿ ಮಾಡುತ್ತಿದ್ದ. ಎರಡನೆಯ ದಿನ ಹಳೆಯ ಹಲಗೆಯೊಂದನ್ನು ಮುಂದಿಟ್ಟುಕೊಂಡು ಹುಳ ಹೇಗೆ ಹೋಗುತ್ತದೆಂದು ನೋಡಿದ. ಅದು ಸಾಲು ಹಿಡಿದು ಹೋಗುವುದಿಲ್ಲ. ಒಂದು ಕಡೆ ಒತ್ತೊತ್ತಾಗಿ ಕೊರೆದು, ಎರಡು ಅಡಿ ಸುಮ್ಮನೆ ಬಿಟ್ಟು, ಆಮೇಲೆ ಬುದ್ಧಿ ಬಂದವರ ಹಾಗೆ ಒಂದೇ ಒಂದು ಕೊರೆಯುತ್ತದೆ. ಚೇಗಿನ, ಅಂದರೆ ಒಳಗಿನ ಗಟ್ಟಿ ತಿರುಳಿನ, ತಂಟೆಗೆ ಹೋಗುವುದಿಲ್ಲ; ಹೊರಮೈಯ ಬಿಳಿ ಭಾಗವೇ ಅದಕ್ಕೆ ರುಚಿ. ಹೇಳಿಕೊಳ್ಳಲು ಸಂಕೋಚ, ಆದರೆ ಮೂರನೆಯ ದಿನದಿಂದ ಅವನಿಗೆ ಆ ಕೆಲಸದಲ್ಲಿ ಸುಖ ಸಿಗತೊಡಗಿತು. ಬಾಗಿಲು ಮಾಡುವಾಗ ಕೂಡ ಅಷ್ಟು ಮೈಮರೆತು ಕೂತಿದ್ದಿಲ್ಲ. ಊಟಕ್ಕೆ ಬಾ ಎಂದು ಹೆಂಡತಿ ಎರಡು ಸಲ ಕರೆಯಬೇಕಾಗುತ್ತಿತ್ತು.

ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಬಂದವರು ಇಬ್ಬರು ಹೆಂಗಸರು. ಒಬ್ಬರು ಅರವತ್ತೈದರ ಆಸುಪಾಸಿನವರು, ಶಾಲೆಯೊಂದರಲ್ಲಿ ಹೆಡ್‌ಮಿಸ್ ಆಗಿ ನಿವೃತ್ತರಾದವರು. ಮನೆ ಕೊಳ್ಳುವವರು ಅವರೇ. ಇನ್ನೊಬ್ಬಳು ಅವರ ಹಳೆಯ ವಿದ್ಯಾರ್ಥಿನಿ, ಈಗ ಕಟ್ಟಡಗಳ ಇಂಜಿನಿಯರು, ಕೈಯಲ್ಲಿ ಟಾರ್ಚು, ಹೆಗಲಿಗೆ ಚೀಲ. ಡಾಕ್ಟರು ಊರುಗೋಲನ್ನು ಬಾಗಿಲ ಹಿಂದೆ ಅಡಗಿಸಿಟ್ಟು, ನೋವನ್ನು ನುಂಗಿಕೊಂಡು, ನೆಟ್ಟಗೆ ನಡೆದು ಹೋಗಿ ಬರಮಾಡಿಕೊಂಡರು. “ಇವನು ನಮ್ಮ ಕೈಕೆಳಗೆ ಇರೋನು,” ಎಂದು ಬಡಗಿಯನ್ನು ಹೆಬ್ಬೆರಳಿನಿಂದ ತೋರಿಸಿದರು. “ಸಣ್ಣಪುಟ್ಟ ಮರದ ಕೆಲಸಕ್ಕೆಲ್ಲ ಇವನೇ.” ಸಣ್ಣಪುಟ್ಟ ಎಂದರೆ ಹದಿನಾಲ್ಕು ಬಾಗಿಲು, ಇಪ್ಪತ್ತಾರು ಕಿಟಕಿ, ಒಂದು ಮೊಳೆಯೂ ಇಲ್ಲದ ಮೆಟ್ಟಿಲು. ಬಡಗಿ ಕೈಮುಗಿದ. ಹೆಡ್‌ಮಿಸ್ ತಾವೂ ಮುಗಿದು, “ಮೆಟ್ಟಿಲು ನೀವು ಮಾಡಿದ್ದಾ?” ಎಂದು ಕೇಳುವಷ್ಟರಲ್ಲಿ ಡಾಕ್ಟರು ಮುಂದಿನ ಕೋಣೆಯ ಬಾಗಿಲು ತೆಗೆದಾಗಿತ್ತು.

ಅವರ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಡೆಯುತ್ತಿದ್ದ ಬಡಗಿಗೆ ಮಾತೆಲ್ಲ ಅರ್ಧಂಬರ್ಧ ಕೇಳಿಸುತ್ತಿತ್ತು. ಅವನ ಮನಸ್ಸು ಆ ಮರದ ದಿಮ್ಮಿ ಬಂದ ದಿನದಲ್ಲಿ ಸಿಕ್ಕಿಕೊಂಡಿತ್ತು. ಲಾರಿಯಿಂದ ಉರುಳಿಸಿ, ಕುಯ್ದು ನೋಡಿದರೆ ಒಂದು ಪಕ್ಕದಲ್ಲಿ ನಾಲ್ಕು ಬೆರಳು ಬಿಳಿ, ಒಂದು ತುದಿಯಲ್ಲಂತೂ ಸುತ್ತಲೂ ಬಿಳಿ. ಅವನಿಗೆ ಕೆಲಸ ಕಲಿಸಿದ ಮಾವ, ಹೆಂಡತಿಯ ಅಪ್ಪ, ಇದ್ದಿದ್ದರೆ ಮುಟ್ಟಲೂ ಬಿಡುತ್ತಿರಲಿಲ್ಲ. ಮಾವನದು ಒಂದೇ ಮಾತು: ಬಿಳಿ ಕಂಡರೆ ಕೆತ್ತು, ಚೇಗು ಸಿಗೋವರೆಗೆ ಕೆತ್ತು, ಏನೂ ಉಳಿಯದಿದ್ರೆ ಒಲೆಗೆ ಹಾಕು. ಕೆತ್ತಿದರೆ ತೊಲೆ ಸಣಕಲಾಗಿ, ಗೋಡೆಯಲ್ಲಿದ್ದ ಹಳೆಯ ತೂತಿನೊಳಗೆ ಸಡಿಲವಾಗಿ ಕೂರುತ್ತಿತ್ತು. ಇನ್ನೊಂದು ದಿಮ್ಮಿಗೆ ಮೂರು ತಿಂಗಳು ಕಾಯಬೇಕಿತ್ತು. ಡಾಕ್ಟರು ಆ ತಿಂಗಳ ಕೊನೆಗೆ ಪತ್ರಿಕೆಯವರನ್ನು ಫೋಟೋಕ್ಕೆ ಕರೆದಿದ್ದರು. “ಆಗತ್ತೆ ತಾನೆ?” ಎಂದು ಕೇಳಿದರು. “ಆಗತ್ತೆ,” ಎಂದ ಬಡಗಿ. ಆಗುವುದಿಲ್ಲ ಎನ್ನಲು ಅವನಿಗೆ ಜೀವಮಾನದಲ್ಲಿ ಬಾಯಿ ಬಂದಿದ್ದೇ ಇಲ್ಲ. ವಿನಿಗರಿನಲ್ಲಿ ತುಕ್ಕು ಮೊಳೆ ನೆನೆಸಿ ಮಾಡಿದ ಕಪ್ಪು ನೀರನ್ನು ಆ ಬಿಳಿಗೆ ಬಳಿದವಳು ಹೆಂಡತಿ. ಬಟ್ಟೆ ಅದ್ದುತ್ತ, ತಲೆಯೆತ್ತದೆ, “ಅಪ್ಪ ಇದನ್ನ ಕೆತ್ತಿಸ್ತಿದ್ರು ಅಲ್ವಾ?” ಎಂದಿದ್ದಳು. ನಿಂಗೆ ಹೇಳಿದಷ್ಟು ಮಾಡು ಎಂದು ಅವಳ ಮೇಲೆ ರೇಗಿದ್ದ. ಅವಳು ಹೇಳಿದಷ್ಟು ಮಾಡಿದಳು. ಆ ಬಿಳಿಯ ಮೇಲೆಯೇ, ನಿಜದ ಹುಳ ಎಲ್ಲಿ ಕೊರೆಯುತ್ತಿತ್ತೋ ಅಲ್ಲಿಯೇ, ಅವನು ತನ್ನ ಬೈರಿಗೆಯಿಂದ ತೂತು ಕೊರೆದ. ಬಾಗಿಲುಗಳನ್ನು ತೆರೆದಿಟ್ಟು ಬನ್ನಿ ಎಂದು ಕರೆದ ಹಾಗಾಯಿತು. ಎರಡು ವರ್ಷ ಯಾರೂ ಬರಲಿಲ್ಲ. ಈಗ ಬಂದಿದ್ದಾರೆ.

“ಅಕ್ಕನಿಗೆ ಈ ಕೋಣೆಯೇ ಸರಿ,” ಎನ್ನುವುದು ಕೇಳಿ ಬಡಗಿ ಬೆಚ್ಚಿದ. ಎಲ್ಲರೂ ದೊಡ್ಡ ಕೋಣೆಗೆ ಬಂದಿದ್ದರು. ಹೆಡ್‌ಮಿಸ್ ನಡುವೆ ನಿಂತು ಸುತ್ತ ನೋಡುತ್ತಿದ್ದರು. ಅವರಿಗೆ ಒಬ್ಬಳು ಅಕ್ಕ, ನಾಲ್ಕು ವರ್ಷದಿಂದ ಹಾಸಿಗೆ ಹಿಡಿದವಳು. ಕುತ್ತಿಗೆಯಿಂದ ಕೆಳಗೆ ಏನೂ ಆಡುವುದಿಲ್ಲ, ತಲೆ ಮಾತ್ರ ಚುರುಕಾಗಿದೆ. ಪೇಟೆಯ ಮನೆಯಲ್ಲಿ ಅವಳ ಕಣ್ಣಿಗೆ ಬೀಳುವುದು ಬಿಳಿ ಸಿಮೆಂಟಿನ ಚಾವಣಿ, ಅದರಲ್ಲೊಂದು ಫ್ಯಾನು. “ಬೆಳಿಗ್ಗೆ ಎದ್ದು ನೋಡೋದಕ್ಕೆ ಒಂದು ಬಿರುಕೂ ಇಲ್ಲ ಕಣೇ ಅಂತಾಳೆ,” ಎಂದು ಹೆಡ್‌ಮಿಸ್ ನಕ್ಕರು. “ಇಲ್ಲಿ ಮಂಚ ಹಾಕಿದ್ರೆ, ನೋಡಿ, ನೇರ ಮೇಲೆ ಈ ತೊಲೆ. ಇದರಲ್ಲಿ ಓದೋದಕ್ಕೇ ಒಂದು ಪುಸ್ತಕದಷ್ಟಿದೆ.” ಡಾಕ್ಟರು, “ಇನ್ನೂರು ವರ್ಷದ ಪುಸ್ತಕ,” ಎಂದು ಸೇರಿಸಿದರು.

ಇಂಜಿನಿಯರು ಸ್ಟೂಲು ಎಳೆದುಕೊಂಡು ಮೇಲೆ ಹತ್ತಿದಳು. ಟಾರ್ಚಿನ ಬೆಳಕು ತೊಲೆಯ ಮೈಮೇಲೆ ನಿಧಾನವಾಗಿ ಹೋಯಿತು. ಬಡಗಿ ಈಗ ನೋಡಲೇಬೇಕಾಯಿತು. ತನ್ನ ತೂತುಗಳು ಅವನಿಗೆ ಗೊತ್ತು. ಎರಡು ವರ್ಷದ ಹೊಗೆ, ಮೇಣ, ಧೂಳು ತುಂಬಿ ಅವುಗಳ ಬಾಯಿ ಕಪ್ಪಾಗಿದೆ. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು, ಕಪ್ಪು ಕುಪ್ಪಸಕ್ಕೆ ಹಾಕಿದ ಬಿಳಿ ಹೊಲಿಗೆಯಂತೆ, ಹೊಸ ತೂತುಗಳು. ಗೋಡೆಯ ಕಡೆಯ ತುದಿಯಲ್ಲಿ ಹೆಚ್ಚು. “ಡಾಕ್ಟ್ರೇ, ಇದರಲ್ಲಿ ಕುಟ್ಟೆ ಹುಳ ಇದ್ದ ಹಾಗಿದೆ,” ಎಂದಳು ಅವಳು. “ಹಳೇ ತೊಲೆ ಅಂದ್ರೆ ಯಾವತ್ತೋ ತಿಂದು ಸತ್ತಿರಬಹುದು. ಬದುಕಿದೆಯೋ ಅಂತ ನೋಡ್ಬೇಕು. ಈ ತುದೀಲಿ ಗಾರೆ ಸ್ವಲ್ಪ ಬಿಡಿಸಿ ಒಳಗಡೆ ನೋಡಿದ್ರೆ ಗೊತ್ತಾಗತ್ತೆ.” ಆಮೇಲೆ ಕಿಟಕಿಯ ಮೇಲಿನ ಅಂಚಿನ ಮೇಲೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದಳು. ಬಡಗಿ ನೆಲ ಒರೆಸಿದ್ದ. ಅಂಚನ್ನು ಮರೆತಿದ್ದ.

ಡಾಕ್ಟರಿಗೆ ಕುಟ್ಟೆ ಹುಳದ ಭಯವಿರಲಿಲ್ಲ; ಆ ತೂತುಗಳನ್ನು ಮಾಡಿಸಿದವರೇ ಅವರಲ್ಲವೇ. ಅವರ ಭಯ ಗಾರೆ ಬಿಡಿಸುವುದರದ್ದು. ಒಳಗೆ ಗರಗಸದ ಹೊಸ ಗುರುತು ಕಂಡರೆ ಇನ್ನೂರು ವರ್ಷ ಎರಡು ವರ್ಷಕ್ಕೆ ಇಳಿಯುತ್ತದೆ. “ಏ, ಅದೆಲ್ಲ ಸತ್ತು ಎಷ್ಟೋ ಕಾಲ ಆಯ್ತು. ಬೇಕಾದ್ರೆ ಮೇಸ್ತ್ರಿನ ಕೇಳಿ. ಮೂಲದ ತೊಲೆ, ಒಳಗೆ ಕಬ್ಬಿಣ. ಅಲ್ಲೇನೋ?” ಎಂದು ಅವನ ಕಡೆ ತಿರುಗಿದರು. ಹೌದು ಎನ್ನುವುದಷ್ಟೇ ಅವನ ಕೆಲಸ. ಅದಕ್ಕೇ ಅವನನ್ನು ಕರೆಸಿದ್ದು.

ಮೂವರೂ ಅವನನ್ನು ನೋಡುತ್ತಿದ್ದರು. ಹೌದು ಎಂದರೆ ಈ ಹುಡುಗಿ ಸುಮ್ಮನಾಗುವವಳಲ್ಲ, ಗಾರೆ ಬಿಡಿಸಿಯೇ ಬಿಡುತ್ತಾಳೆ. ಬಿಡಿಸಿದರೆ ಕಾಣುವುದು ಗರಗಸದ ಗುರುತಷ್ಟೇ ಅಲ್ಲ, ಕಪ್ಪು ನೀರು ತಾಗದ ಬಿಳಿ ಕಾಣುತ್ತದೆ, ಬಿಳಿಯ ತುಂಬ ಹುಳ ಕಾಣುತ್ತದೆ. ಈ ಮೇಸ್ತ್ರಿ ಕೈಯಿಟ್ಟ ಮರಕ್ಕೆ ಹುಳ ಬೀಳುವುದಿಲ್ಲ ಎಂದು ಸುತ್ತಲಿನ ಊರುಗಳಲ್ಲಿ ಜನ ಆಡುತ್ತಿದ್ದರು. ಅವನಿಗಿದ್ದ ಆಸ್ತಿ ಆ ಒಂದು ಮಾತು. ಮಾವ ಸಾಯುವಾಗ ಅವನ ಕೈಗೆ ಕೊಟ್ಟುಹೋದದ್ದೂ ಆ ಮಾತನ್ನೇ; ಹತಾರಗಳೆಲ್ಲ ಅಷ್ಟರಲ್ಲಿ ಸವೆದುಹೋಗಿದ್ದವು. ಹುಳ ಬಿದ್ದಿದೆ, ತಪ್ಪು ನನ್ನದು, ತೊಲೆ ಬದಲಾಯಿಸಿ, ಎಂದು ಹೇಳಿಬಿಡಬಹುದು. ಮೂರೇ ಮಾತು. ಮೇಲೆ ಇಡೀ ಮಹಡಿಯ ಭಾರ, ಕೆಳಗೆ ಎದ್ದು ಓಡಲಾರದ ಒಬ್ಬ ಹೆಂಗಸು. ಆದರೆ ಇವತ್ತು ನಾಳೆ ಬೀಳುವ ತೊಲೆಯಲ್ಲ. ಐದು ವರ್ಷ ತಡೆಯುತ್ತದೆ. ಹತ್ತೂ ಆಗಬಹುದು. ಚೇಗು ಚೇಗೇ, ಬೀಳದೆಯೂ ಇರಬಹುದು. ಅಷ್ಟರಲ್ಲಿ ಆ ಅಕ್ಕ, ಎಂದು ಯೋಚಿಸಿ, ಯೋಚಿಸಿದ್ದಕ್ಕೆ ತನ್ನ ಮೇಲೆಯೇ ಅಸಹ್ಯಪಟ್ಟ. ಅಸಹ್ಯಪಡುತ್ತಿರುವಾಗಲೇ ಅವನಿಗೆ ಒಂದು ದಾರಿ ಹೊಳೆಯಿತು. ಎಂಥ ನೀಟಾದ ದಾರಿ ಎಂದರೆ, ತನ್ನ ತಲೆ ಇಷ್ಟು ಚೆನ್ನಾಗಿ ಓಡಬಲ್ಲದೆಂದು ಅವನಿಗೆ ಗೊತ್ತೇ ಇರಲಿಲ್ಲ.

“ಸುಳ್ಳು ಹೇಳಲ್ಲ ಮೇಡಂ,” ಎಂದ ಬಡಗಿ. “ಅದು ಹುಳ ಅಲ್ಲ. ಆ ತೂತೆಲ್ಲ ನಾನೇ ಕೊರೆದಿದ್ದು.”

ಡಾಕ್ಟರ ಕೈ ಊರುಗೋಲಿಗಾಗಿ ಗಾಳಿಯಲ್ಲಿ ತಡಕಾಡಿ, ಸಿಗದೆ, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು.

“ತೊಲೆ ಹೊಸದು,” ಎಂದು ಬಡಗಿ ಮುಂದುವರಿಸಿದ. ಸತ್ಯ ಎಷ್ಟು ಸರಾಗವಾಗಿ ಬರುತ್ತಿತ್ತೆಂದರೆ ಅವನಿಗೇ ಆಶ್ಚರ್ಯವಾಯಿತು. “ಹಳೇದು ಕೊಳೆತುಹೋಗಿತ್ತು. ಹಳೇ ಥರ ಕಾಣ್ಲಿ ಅಂತ ಬೈರಿಗೇಲಿ ಕೊರೆದೆ, ಬಣ್ಣ ಬಳಿದೆ. ಗಾರೆ ಬಿಡಿಸಿ ಯಾಕೆ ಸುಮ್ನೆ ಗೋಡೆ ಹಾಳು ಮಾಡ್ತೀರಿ.”

“ಮತ್ತೆ ಈ ಪುಡಿ?” ಇಂಜಿನಿಯರು ಬೆರಳು ಮುಂದೆ ಹಿಡಿದಳು.

“ಮೊನ್ನೆ ಇನ್ನೊಂದಷ್ಟು ಕೊರೆದೆ ಮೇಡಂ. ನೀವು ಬರ್ತೀರಿ ಅಂತ.”

ಹುಳ ಅಲ್ಲ ಎಂದದ್ದನ್ನು ಬಿಟ್ಟರೆ ಅವನು ಆ ದಿನ ಹೇಳಿದ ಸುಳ್ಳು ಅದೊಂದೇ, ಅಲ್ಲಿಯವರೆಗೆ. ಹೆಡ್‌ಮಿಸ್ ಮೊದಲು ಬಾಯಿ ಮುಚ್ಚಿಕೊಂಡು, ಆಮೇಲೆ ತಡೆಯಲಾರದೆ ಗಟ್ಟಿಯಾಗಿ ನಕ್ಕುಬಿಟ್ಟರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಂಜಿನಿಯರಿಗೆ ಮಾತ್ರ ನಂಬಿಕೆ ಬರಲಿಲ್ಲ. ಹಾಗಾದರೆ ಒಂದು ಕೊರೆದು ತೋರಿಸಿ ಎಂದಳು. ಬಡಗಿ ಚೀಲದಿಂದ ಬೈರಿಗೆ ತಂದು ಸ್ಟೂಲು ಹತ್ತಿದ. ಮುಖ ತೊಲೆಗೆ ಅಷ್ಟು ಹತ್ತಿರ ಬಂದಾಗ ಒಳಗಿನಿಂದ ಸಣ್ಣ ಕರಕರ ಕೇಳಿಸಿತೋ ಅಥವಾ ಅದು ತನ್ನ ಹಲ್ಲು ಕಚ್ಚಿಕೊಂಡ ಸದ್ದೋ ತಿಳಿಯಲಿಲ್ಲ. ಬೇಕೆಂದೇ ಬಿಳಿಯ ಕಡೆ, ಹೊಸ ತೂತುಗಳ ಪಕ್ಕದಲ್ಲಿ, ಕೈಯನ್ನು ಸ್ವಲ್ಪ ವಾರೆ ಮಾಡಿ ಕೊರೆದ. ಬಿಳಿ ಹುಡಿ ಸುರಿಯಿತು. ಬೈರಿಗೆಯ ಹುಡಿ ತರಿತರಿಯಾಗಿರುತ್ತದೆ, ಹುಳದ ಹುಡಿ ನುಣ್ಣಗಿರುತ್ತದೆ. ಪುಸ್ತಕ ಓದಿ ಕಲಿತವಳಿಗೂ ಕೈಯಿಂದ ಮುಟ್ಟಿ ನೋಡಿದರೆ ಗೊತ್ತಾಗುತ್ತಿತ್ತು. ಅವಳು ಕಣ್ಣಿನಿಂದ ನೋಡಿದಳು. ಹೊಸ ತೂತನ್ನೂ ಪಕ್ಕದ್ದನ್ನೂ ಹೋಲಿಸಿ, “ಒಪ್ಕೊಂಡೆ ಮೇಸ್ತ್ರಿ,” ಎಂದು ಪುಸ್ತಕದಲ್ಲಿ ಏನೋ ಬರೆದುಕೊಂಡು ಮೇಲಿನ ಮಹಡಿ ನೋಡಲು ಹೋದಳು.

ಡಾಕ್ಟರು ಅವನ ಪಕ್ಕದಲ್ಲೇ ಹಾದು ಜಗಲಿಗೆ ಹೊರಟರು. ಗೋಡೆ ಹಿಡಿದು ಹಿಡಿದು ನಡೆಯುತ್ತಿದ್ದರು. “ಆರು ವರ್ಷ ನನ್ನ ಮನೇಲಿ ಉಂಡಿದೀಯ,” ಎಂದರು, ಅವನಿಗೆ ಮಾತ್ರ ಕೇಳಿಸುವ ಹಾಗೆ. “ಎಲ್ಲರ ಎದುರು ನನ್ನನ್ನ ಕಳ್ಳನ ಹಾಗೆ ನಿಲ್ಲಿಸಿಬಿಟ್ಟೆಯಲ್ಲೋ.” ಗೋಡೆ ಬಿಟ್ಟು ಇನ್ನೊಂದು ಹೆಜ್ಜೆ ಇಡಲು ಅವರಿಗಾಗಲಿಲ್ಲ. ಮುದುಕರು ಎಂದು ಬಡಗಿಗೆ ಮೊದಲ ಬಾರಿಗೆ ಅನಿಸಿತು. ಡಾಕ್ಟ್ರೇ, ನಿಮ್ಮನ್ನ ಉಳಿಸಿದ್ದು ನಾನೇ, ಒಳಗಿದ್ದದ್ದು ಹೊರಗೆ ಬಂದಿದ್ದರೆ ಈ ಮನೆ ನಿಮ್ಮ ತಲೆಯ ಮೇಲೆಯೇ ಉಳಿಯುತ್ತಿತ್ತು ಎಂದು ಹೇಳಬೇಕೆನಿಸಿತು. ಹೇಳುವ ಹಾಗಿರಲಿಲ್ಲ. ಬಾಗಿಲ ಹಿಂದಿನಿಂದ ಊರುಗೋಲು ತೆಗೆದು ಅವರ ಕೈಗೆ ಕೊಟ್ಟ. ಅವರು ಅದನ್ನು ಅವನ ಮುಖ ನೋಡದೆ ಕಿತ್ತುಕೊಂಡರು.

ಕೋಣೆಯಲ್ಲಿ ಹೆಡ್‌ಮಿಸ್ ಒಬ್ಬರೇ ಉಳಿದಿದ್ದರು. ಅವರು ಬಡಗಿಯನ್ನು ಕುರ್ಚಿಯಲ್ಲಿ ಕೂರಲು ಹೇಳಿದರು. ಈ ಮನೆಯಲ್ಲಿ ಆರು ವರ್ಷದಲ್ಲಿ ಯಾರೂ ಅವನಿಗೆ ಹಾಗೆ ಹೇಳಿರಲಿಲ್ಲ. ಅವನು ತುದಿಯಲ್ಲಿ ಕೂತ. “ಮನೆ ನಂಗೆ ಒಪ್ಪಿಗೆ,” ಎಂದರು ಅವರು. “ಡಾಕ್ಟ್ರಿಗೆ ಆಮೇಲೆ ಹೇಳ್ತೀನಿ, ಸ್ವಲ್ಪ ಹೊತ್ತು ನಾಚಿಕೊಳ್ಳಲಿ. ಎಂಟು ಮನೆ ನೋಡಿದೆ ಮೇಸ್ತ್ರಿ. ಎಲ್ಲಾ ಕಡೆ ಬಣ್ಣ ಬಳಿದು ಬಳಿದು ಮುಚ್ಚಿಟ್ಟಿದ್ರು. ಸತ್ಯ ಹೇಳಿದೋರು ನೀವೊಬ್ರೇ. ಹೌದು ಅಂದಿದ್ರೆ ಸಾಕಿತ್ತು ನಿಮಗೆ. ಯಜಮಾನರ ಎದುರು ಹಾಗೆ ಹೇಳೋದಕ್ಕೆ ಎಷ್ಟು ಎದೆ ಬೇಕು ಅಂತ ನಂಗೆ ಗೊತ್ತಿಲ್ವಾ.” ಇನ್ನು ಮುಂದೆ ಈ ಮನೆಯ ಮರದ ಕೆಲಸವೆಲ್ಲ ನಿಮ್ಮದೇ, ಬೇರೆಯವರನ್ನು ಬಾಗಿಲೊಳಗೆ ಬಿಡುವುದಿಲ್ಲ, ವರ್ಷಕ್ಕೊಮ್ಮೆ ಬಂದು ಎಲ್ಲ ನೋಡಿ ಸರಿಯಿದೆ ಎಂದು ನೀವು ಹೇಳಿಬಿಟ್ಟರೆ ನನಗೆ ನಿಶ್ಚಿಂತೆ ಎಂದರು. ಅವರ ದನಿಯಲ್ಲಿ ಅಂಥ ಗೌರವವಿತ್ತು. ಈಗಲೂ ಹೇಳಬಹುದು ಎಂದುಕೊಂಡ ಬಡಗಿ. ಇವರು ಬೈಯುವವರಲ್ಲ. ಇವರಿಗೆ ಹೇಳಬಹುದು. ಬಾಯಿ ತೆರೆದ.

“ಅಕ್ಕನಿಗೆ ಹೋಗಿ ಹೇಳಿದ್ರೆ ಎಷ್ಟು ನಗ್ತಾಳೋ,” ಎನ್ನುತ್ತಿದ್ದರು ಅವರು ಮೇಲೆ ನೋಡುತ್ತ. “ಅವಳು ಶಾಲೇಲಿ ಗಣಿತದ ಟೀಚರಾಗಿದ್ದೋಳು. ಈಗಲೂ ಕಣ್ಣಿಗೆ ಬಿದ್ದಿದ್ದೆಲ್ಲ ಎಣಿಸ್ತಾಳೆ. ನಾನು ಮೆಟ್ಟಿಲು ಹತ್ತಿದ್ರೆ ಹೆಜ್ಜೆ ಎಣಿಸ್ತಾಳೆ, ಮಳೆ ನಿಂತ ಮೇಲೆ ಸೂರಿನಿಂದ ಬೀಳೋ ಹನಿ ಎಣಿಸ್ತಾಳೆ. ಇಲ್ಲಿ ಮಲಗಿಸಿದ ಮೊದಲ ದಿನವೇ ಈ ತೂತುಗಳನ್ನ ಎಣಿಸೋಕೆ ಶುರು ಮಾಡ್ತಾಳೆ ನೋಡಿ. ದಿನಾ ಎಣಿಸ್ತಾಳೆ. ಒಟ್ಟು ಎಷ್ಟು ಕೊರೆದಿದೀರಿ? ಲೆಕ್ಕ ಇಟ್ಟಿದ್ರಾ? ನಿಮ್ಮ ಬಾಯಿಂದಲೇ ಕೇಳಿಕೊಂಡು ಹೋಗಿ ಅವಳಿಗೆ ಹೇಳ್ತೀನಿ, ಸರಿಯಾಗಿ ಎಣಿಸಿದಾಳೋ ಇಲ್ವೋ ಗೊತ್ತಾಗ್ಲಿ.”

ಲೆಕ್ಕವಿತ್ತು. ಮೂರು ವಾರ ಒಬ್ಬನೇ ಕೂತು ಕೊರೆದವನಿಗೆ ಲೆಕ್ಕವಿಲ್ಲದೆ ಇರುತ್ತದೆಯೇ. ಆರುನೂರ ನಲವತ್ತು, ಈಗ ತೋರಿಸಲು ಕೊರೆದದ್ದು ಸೇರಿ ಆರುನೂರ ನಲವತ್ತೊಂದು. ಬಡಗಿ ತೊಲೆಯನ್ನು ಒಮ್ಮೆ ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಹುಳ ವರ್ಷಕ್ಕೆ ಎಷ್ಟು ಕೊರೆದೀತು, ಆ ಹೆಂಗಸು ಎಷ್ಟು ವರ್ಷ ಬದುಕಿಯಾಳು ಎಂದು ಮನಸ್ಸಿನಲ್ಲೇ ಗುಣಿಸಿದ.

“ಸಾವಿರ ಮೇಡಂ,” ಎಂದ. “ಎಣಿಸೋವಾಗ ಮೊದಮೊದಲು ಸ್ವಲ್ಪ ಕಮ್ಮಿ ಬರಬಹುದು.”